ಎಂಎಸ್ ವೇಷದ ಆನುವಂಶಿಕ ಚಯಾಪಚಯ ರೋಗಗಳು: ವರದಿ ಎಲ್ಲಿ ದಾರಿ ತಪ್ಪಿಸುತ್ತದೆ

ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಖಚಿತಪಡಿಸಲು ಒಂದೇ ಒಂದು ಪರೀಕ್ಷೆ ಸಾಲದು. ಮ್ಯಾಕ್‌ಡೊನಾಲ್ಡ್ ಮಾನದಂಡವನ್ನು (ಎಂಎಸ್ ನಿರ್ಣಯದ ನಿಯಮಾವಳಿ) ಅನ್ವಯಿಸುವ ಮೊದಲು, ಲಕ್ಷಣಗಳಿಗೆ ಬೇರೆ ಸೂಕ್ತ ಕಾರಣ ಇಲ್ಲವೆಂದು ನೋಡಿಕೊಳ್ಳಬೇಕು. ಸ್ಕ್ಯಾನ್‌ನಲ್ಲಿ ಕಾಣುವ ಮಚ್ಚೆಗಳ ಲೆಕ್ಕ ಬಾಯಿಪಾಠ ಮಾಡುವ ಭರದಲ್ಲಿ ಈ ಷರತ್ತೇ ಮರೆತುಹೋಗುತ್ತದೆ.

ಎಂಎಸ್ ಮಚ್ಚೆಗಳು ಎಡಬಲ ಸಮನಾಗಿರುವುದಿಲ್ಲ. ಬೆನ್ನುಹುರಿಯಲ್ಲಿ ಅವು ಸಾಮಾನ್ಯವಾಗಿ ಎರಡು ಕಶೇರುಕಗಳಿಗಿಂತ ಗಿಡ್ಡವಾಗಿ, ಅಂಚಿನಲ್ಲಿರುತ್ತವೆ. ಎಂಆರ್‌ಐನಲ್ಲಿ ಎರಡೂ ಕಡೆ ಒಂದೇ ಬಗೆಯ ಬಿಳುಪು, ಮರುಕಳಿಕೆಯಿಲ್ಲದೆ ನಿಧಾನವಾಗಿ ಏರುವ ತೊಂದರೆ, ಸಿಎಸ್‌ಎಫ್‌ನಲ್ಲಿ ಆಲಿಗೊಕ್ಲೋನಲ್ ಬ್ಯಾಂಡ್ (ಮೆದುಳು-ಬೆನ್ನುಹುರಿಯ ದ್ರವದಲ್ಲಿ ಕಾಣುವ ಪ್ರತಿಕಾಯಗಳ ಗುರುತು) ಇಲ್ಲದಿರುವುದು, ಕೈಕಾಲಿನ ನರಗಳಲ್ಲೂ ದೋಷ ಇವು ಜೊತೆಯಾಗಿ ಬಂದರೆ ಆನುವಂಶಿಕ ಚಯಾಪಚಯ ರೋಗಗಳ ಕಡೆ ತಿರುಗಬೇಕು.

ಹೆಚ್ಚು ಮೋಸ ಮಾಡುವುದು ಅಡ್ರಿನೊಮೈಲೊನ್ಯೂರೋಪತಿ, ಅಂದರೆ ಬಹುಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಶೇಖರವಾಗುವ ಆನುವಂಶಿಕ ರೋಗ. ಕಾಲು ಬಿಗಿಯುತ್ತದೆ, ಮೂತ್ರ ತಡೆಯಲಾಗುವುದಿಲ್ಲ. ಮೆದುಳಿನ ಎಂಆರ್‌ಐ ಸರಿಯಿದ್ದು ಎದೆಭಾಗದ ಬೆನ್ನುಹುರಿ ಮಾತ್ರ ತೆಳುವಾಗಿರಬಹುದು. ಪ್ರೈಮರಿ ಪ್ರೋಗ್ರೆಸಿವ್ ಎಂಎಸ್ (ಮೊದಲಿನಿಂದಲೇ ನಿಧಾನವಾಗಿ ಏರುವ ಬಗೆ) ಎಂದು ಬರೆದುಬಿಡುವುದು ಸುಲಭ. ಖಾಲಿಹೊಟ್ಟೆಯ ರಕ್ತದಲ್ಲಿ ಸಿ26:0 ಕೊಬ್ಬಿನಾಮ್ಲವನ್ನೂ ಸಿ24/ಸಿ22, ಸಿ26/ಸಿ22 ಅನುಪಾತಗಳನ್ನೂ ನೋಡಿ. ಗಂಡಸರಲ್ಲಿ ಇದು ನಂಬಲರ್ಹ. ರೋಗವಾಹಕ ಹೆಂಗಸರಲ್ಲಿ ಸುಮಾರು 15ರಿಂದ 20% ಮಂದಿಗೆ ನಾರ್ಮಲ್ ಬರುತ್ತದೆ, ಅವರಿಗೆ ಎಬಿಸಿಡಿ1 ಜೀನ್ ಪರೀಕ್ಷೆಯೇ ಬೇಕು. ಗಂಡಸರಲ್ಲಿ ಅಡ್ರಿನಲ್ ಗ್ರಂಥಿ ಸೋತಿರುವುದು ಸಾಮಾನ್ಯ. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟರೆ ಚೇತರಿಸಿಕೊಂಡಂತೆ ಕಾಣಬಹುದು, ಅದನ್ನು ಎಂಎಸ್‌ಗೆ ಪುರಾವೆಯೆಂದು ಓದಬೇಡಿ. ಬೆಳಗಿನ ಕಾರ್ಟಿಸೋಲ್, ಎಸಿಟಿಎಚ್ (ಅಡ್ರಿನಲ್ ಹಾರ್ಮೋನ್ ಮತ್ತು ಅದನ್ನು ಪ್ರಚೋದಿಸುವ ಹಾರ್ಮೋನ್) ಪರೀಕ್ಷೆಯ ರಕ್ತವನ್ನು ಸ್ಟೀರಾಯ್ಡ್‌ಗೆ ಮೊದಲೇ ತೆಗೆಯಿರಿ.

ಕಿಣ್ವದ ಕೊರತೆಯಿಂದ ಬರುವ ಫ್ಯಾಬ್ರಿ ರೋಗದಲ್ಲೂ ಇದೇ ಕಥೆ: ಹೆಂಗಸರಲ್ಲಿ ಕಿಣ್ವ ನಾರ್ಮಲ್ ಇರಬಹುದು. ಮೆದುಳಿನ ಬಿಳಿ ಭಾಗ ಹಾಳಾಗುವ ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರೋಫಿಯಲ್ಲಿ ಉಲ್ಟಾ. ಆರೋಗ್ಯವಂತರಲ್ಲೂ ಆರೈಲ್‌ಸಲ್ಫಟೇಸ್-ಎ (ಈ ರೋಗದಲ್ಲಿ ಕುಂದುವ ಕಿಣ್ವ) ಕಡಿಮೆ ಸಿಗುವುದುಂಟು. ಮೂತ್ರದಲ್ಲಿ ಸಲ್ಫಟೈಡ್ (ಆ ಕಿಣ್ವ ಒಡೆಯಬೇಕಾದ ಕೊಬ್ಬು) ಹೆಚ್ಚಿದ್ದರಷ್ಟೇ ಅದಕ್ಕೆ ಅರ್ಥ.

ಚಿಕಿತ್ಸೆಯಿರುವ ಎರಡನ್ನು ತಪ್ಪಿಸಿಕೊಳ್ಳುವುದು ಅಕ್ಷಮ್ಯ. ಮಗುವಾಗಿದ್ದಾಗಿನಿಂದ ಭೇದಿ, ಎಳೆಯ ವಯಸ್ಸಿನಲ್ಲೇ ಕಣ್ಣಿನ ಪೊರೆ, ಹಿಮ್ಮಡಿಯ ಸ್ನಾಯುರಜ್ಜು ಊದಿಕೊಂಡಿರುವುದು ಸೆರೆಬ್ರೊಟೆಂಡಿನಸ್ ಕ್ಸಾಂಥೊಮಟೋಸಿಸ್ (ಮೆದುಳು, ಸ್ನಾಯುರಜ್ಜುಗಳಲ್ಲಿ ಕೊಬ್ಬು ಶೇಖರವಾಗುವ ರೋಗ) ಗುರುತುಗಳು. ಊತ ಇಲ್ಲದೆಯೂ ರೋಗವಿರಬಹುದು. ಲಿಪಿಡ್ ಪ್ರೊಫೈಲ್ ನೋಡಿ ಸುಮ್ಮನಾಗಬೇಡಿ, ಕೊಲೆಸ್ಟನಾಲ್ (ಕೊಲೆಸ್ಟರಾಲ್ ಅಲ್ಲ, ಈ ರೋಗದಲ್ಲಿ ಹೆಚ್ಚುವ ಬೇರೆ ಕೊಬ್ಬು) ಎಂದೇ ಬರೆದು ಕಳಿಸಿ. ವಯಸ್ಕರಿಗೆ ಚೀನೋಡಿಆಕ್ಸಿಕೋಲಿಕ್ ಆಮ್ಲ 250 ಮಿ.ಗ್ರಾಂ, ದಿನಕ್ಕೆ ಮೂರು ಬಾರಿ.

ಎರಡನೆಯದು ಬಯೋಟಿನಿಡೇಸ್ ಕೊರತೆ, ಬಯೋಟಿನ್ ಎಂಬ ಬಿ ವಿಟಮಿನ್ ಅನ್ನು ದೇಹ ಮರುಬಳಸಲು ಬೇಕಾದ ಕಿಣ್ವದ ಕೊರತೆ. ತಡವಾಗಿ ಶುರುವಾದರೆ ದೃಷ್ಟಿನರ ಮತ್ತು ಬೆನ್ನುಹುರಿಗೆ ಹಾನಿ, ಉದ್ದನೆಯ ಮಚ್ಚೆ. ರಕ್ತ ಬಿಸಿಲಲ್ಲಿ ಕುಳಿತರೆ ಕಿಣ್ವ ಸುಳ್ಳೇ ಕಡಿಮೆ ಬರುತ್ತದೆ. ಮಂಜುಗಡ್ಡೆಯಲ್ಲಿಟ್ಟು, ಆರೋಗ್ಯವಂತರೊಬ್ಬರ ಮಾದರಿಯನ್ನೂ ಜೊತೆಗೇ ಕಳಿಸಿ. ರಕ್ತ ತೆಗೆದ ಮೇಲೆ ವರದಿಗೆ ಕಾಯದೆ ಬಯೋಟಿನ್ ಆರಂಭಿಸಬಹುದು, ದಿನಕ್ಕೆ 5ರಿಂದ 20 ಮಿ.ಗ್ರಾಂ. ಆಮೇಲೆ ಟಿಎಸ್‌ಎಚ್, ಟ್ರೊಪೋನಿನ್ (ಕ್ರಮವಾಗಿ ಥೈರಾಯ್ಡ್, ಹೃದಯದ) ಪರೀಕ್ಷೆ ಮಾಡಿಸುವಾಗ ಲ್ಯಾಬ್‌ಗೆ ಬಯೋಟಿನ್ ವಿಷಯ ತಿಳಿಸಿ, ಕೆಲವು ಯಂತ್ರಗಳಲ್ಲಿ ಎರಡೂ ಸುಳ್ಳೇ ಕಡಿಮೆ ತೋರುತ್ತವೆ.