ನಂಬಲೋ ಬೇಡವೋ: ರೊಮ್ಯಾಂಟಿಕ್ ಸಸ್ಪೆನ್ಸ್ ಕಿರುಕಾದಂಬರಿ ನಡೆದು ಬಂದ ದಾರಿ

ಪ್ರೇಮಕಥೆ ಓದುವಾಗ ಇವರಿಬ್ಬರೂ ಒಂದಾಗುತ್ತಾರಾ ಅಂತ ಕಾಯುತ್ತೇವೆ. ಸಸ್ಪೆನ್ಸ್ ಓದುವಾಗ ಇವಳ ಜೀವ ಉಳಿಯುತ್ತದಾ ಅಂತ. ಎರಡನ್ನೂ ಸುಮ್ನೆ ಒಂದೇ ಪುಸ್ತಕಕ್ಕೆ ತುಂಬಿದರೆ ರೊಮ್ಯಾಂಟಿಕ್ ಸಸ್ಪೆನ್ಸ್ ಆಗುವುದಿಲ್ಲ. ಒಂದು ಅಧ್ಯಾಯ ಮುತ್ತು, ಒಂದು ಅಧ್ಯಾಯ ಗುಂಡೇಟು ಅಂತ ಸರದಿ ಹಚ್ಚಿದ ಪುಸ್ತಕಗಳು ಬೇಕಾದಷ್ಟಿವೆ. ದೊಡ್ಡ ಕಾದಂಬರಿಯಲ್ಲಿ ಅದು ಹೇಗೋ ನಡೆಯುತ್ತದೆ. ನೂರು ಪುಟದ ಕಿರುಕಾದಂಬರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಎರಡೂ ಪ್ರಶ್ನೆಗಳು ಕೂಡಿ ಒಂದಾಗಲೇಬೇಕು: ಈ ಮನುಷ್ಯನನ್ನು ನಂಬಬಹುದಾ?

ಈ ಪ್ರಶ್ನೆ ಹಳೆಯದು. 1764ರಲ್ಲಿ ಇಂಗ್ಲೆಂಡಿನ ಹೊರಾಸ್ ವಾಲ್‌ಪೋಲ್ ಕೋಟೆ, ದೆವ್ವ, ಗುಟ್ಟುಗಳ ಗಾಥಿಕ್ ಕಾದಂಬರಿಗೆ ದಾರಿ ಹಾಕಿದರು. ಅದರ ನಡುಮಧ್ಯಕ್ಕೆ ಹೆಣ್ಣಿನ ಭಯವನ್ನು ತಂದು ನಿಲ್ಲಿಸಿದವರು ಆನ್ ರಾಡ್‌ಕ್ಲಿಫ್. ಅವರ 1794ರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೋ'ದಲ್ಲಿ ಅನಾಥೆ ಎಮಿಲಿ ಸೋದರತ್ತೆಯ ಗಂಡನ ಕೋಟೆಯಲ್ಲಿ ಸಿಕ್ಕಿಬೀಳುತ್ತಾಳೆ. ಅಲ್ಲಿ ಒಂದು ಕಪ್ಪು ಪರದೆ. ಅದನ್ನು ಸರಿಸಿ ನೋಡಿ ಎಚ್ಚರ ತಪ್ಪುತ್ತಾಳೆ. ಒಳಗಿದ್ದದ್ದು ಬರೀ ಮೇಣದ ಬೊಂಬೆ ಅನ್ನುವುದು ನಮಗೆ ತಿಳಿಯುವುದು ನೂರಾರು ಪುಟ ದಾಟಿದ ಮೇಲೆ! ಇನ್ನೂ ಕಾಣದೆ ಇರುವುದು ಮನಸ್ಸನ್ನು ಚುರುಕಾಗಿಡುತ್ತದೆ, ಕಣ್ಣೆದುರಿನ ಘೋರ ಅದನ್ನು ಮರಗಟ್ಟಿಸುತ್ತದೆ ಅನ್ನುವುದು ಅವರ ನಿಲುವು. ಅವರು ತೀರಿಕೊಂಡ ಮೇಲೆ, 1826ರಲ್ಲಿ ಬಂದ ಬರಹದಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ.

ಆದರೆ ರಾಡ್‌ಕ್ಲಿಫ್ ಕಥೆಯಲ್ಲಿ ಹೆದರಿಸುವವನು ಒಬ್ಬ, ಪ್ರೀತಿಸುವವನು ಇನ್ನೊಬ್ಬ. ಇಬ್ಬರನ್ನೂ ಒಬ್ಬನೇ ಮಾಡಿದ್ದು 1847ರ 'ಜೇನ್ ಐರ್'. ಷಾರ್ಲಟ್ ಬ್ರಾಂಟಿಯ ನಾಯಕಿ ಮನಸ್ಸು ಕೊಟ್ಟವನ ಮನೆಯ ಮೇಲಂತಸ್ತಿನಲ್ಲೇ ಗುಟ್ಟು ಇದೆ. ಈ ಬಗೆಯ ಕಥೆಗೆ ಅಡಿಪಾಯ ಬಿದ್ದದ್ದು ಇಲ್ಲೇ ಅಂತ ನನ್ನ ಲೆಕ್ಕ. ಮುಂದೆ 1860ರ ದಶಕದಲ್ಲಿ ವಿಲ್ಕಿ ಕಾಲಿನ್ಸ್‌ರಂಥವರು ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರೆದರು. ಓದುಗರು ಮುಂದಿನ ವಾರವೂ ಪತ್ರಿಕೆ ಕೊಳ್ಳಬೇಕಲ್ಲ, ಹಾಗಾಗಿ ಕಂತಿನ ಕೊನೆಗೊಂದು ಕುತೂಹಲದ ಕೊಕ್ಕೆ ಬಂತು.

ಚಿಕ್ಕ ಗಾತ್ರದಲ್ಲಿ ಇದೆಲ್ಲ ಎಷ್ಟು ಬಿಗಿಯಾಗಬಹುದು ಅಂತ ತೋರಿಸಿದ್ದು ಶೆರಿಡನ್ ಲೆ ಫಾನುವಿನ 'ಕಾರ್ಮಿಲ್ಲಾ', 1871-72ರಲ್ಲಿ. ಒಂಟಿ ಮನೆಗೆ ಅತಿಥಿಯಾಗಿ ಬಂದ ಚೆಲುವೆ. ಅವಳ ಮೇಲೆ ಆ ಮನೆಯ ಹುಡುಗಿ ಲಾರಾಗೆ ಸೆಳೆತವೂ ಇದೆ, ಹೇಸಿಕೆಯೂ ಇದೆ. ಎರಡೂ ಹುಟ್ಟುವುದು ಒಂದೇ ಗಳಿಗೆಯಲ್ಲಿ. ಕವಲು ಕಥೆ ಇಲ್ಲ, ಜಾಸ್ತಿ ಜನ ಇಲ್ಲ.

20ನೇ ಶತಮಾನಕ್ಕೆ ಬಂದರೆ, ದಾಫ್ನೆ ದು ಮೋರಿಯೆಯ 'ರೆಬೆಕಾ' (1938) ಗಂಡನ ಮೇಲಿನ ಅನುಮಾನವನ್ನೇ ಕಥೆ ಮಾಡಿತು. 1960ರಲ್ಲಿ ವಿಕ್ಟೋರಿಯಾ ಹೋಲ್ಟ್ ಹೆಸರಿನಲ್ಲಿ ಬಂದ 'ಮಿಸ್ಟ್ರೆಸ್ ಆಫ್ ಮೆಲ್ಲಿನ್' ಆದ ಮೇಲೆ ಅಗ್ಗದ ಗಾಥಿಕ್ ಪುಸ್ತಕಗಳ ಸುಗ್ಗಿ. ಮುಖಪುಟದಲ್ಲಿ ಓಡುತ್ತಿರುವ ಹೆಂಗಸು, ಹಿಂದೆ ದೊಡ್ಡ ಮನೆ, ಒಂದೇ ಕಿಟಕಿಯಲ್ಲಿ ಬೆಳಕು. 1973ರಲ್ಲಿ ಅಮೆರಿಕದ ಲೇಖಕಿ ಜೊಯಾನಾ ರಸ್ ಒಂದು ಪ್ರಬಂಧದಲ್ಲಿ ಇವನ್ನು ಜಾಲಾಡಿದರು. ಯಾರೋ ನನ್ನನ್ನು ಕೊಲ್ಲಲು ನೋಡುತ್ತಿದ್ದಾರೆ, ಅದು ನನ್ನ ಗಂಡನೇ ಇರಬೇಕು ಅನ್ನುವ ಅರ್ಥದ ತಲೆಬರಹ ಅದಕ್ಕೆ.

1984ರಲ್ಲಿ ಪ್ರೇಮಕಾದಂಬರಿಗಳ ಪ್ರಕಾಶನ ಸಂಸ್ಥೆ ಹಾರ್ಲೆಕ್ವಿನ್ 'ಇಂಟ್ರೀಗ್' ಮಾಲೆ ಶುರು ಮಾಡಿತು. ಈ ಹೊಸ ಅಲೆಯಲ್ಲಿ ನಾಯಕ ಪೊಲೀಸನೋ ಅಂಗರಕ್ಷಕನೋ ಆದ. ನಾಯಕಿಗೂ ಕೆಲಸ, ಗಟ್ಟಿತನ ಬಂತು. ಅದು ಒಳ್ಳೆಯದೇ. ಆದರೆ ಅಪಾಯ ಮನೆಯಿಂದ ಆಚೆ ಹೋಯಿತು. ಕೊಲೆಗಾರ ಹೊರಗೆ, ಪ್ರೀತಿ ಒಳಗೆ ಅಂತ ಆದಾಗ ನಂಬಿಕೆಯ ಪ್ರಶ್ನೆ ಸಪ್ಪೆಯಾಯಿತು ಅಂತ ನನಗನ್ನಿಸುತ್ತದೆ.

2007ರಲ್ಲಿ ಇ-ಪುಸ್ತಕ ಓದುವ ಸಾಧನ ಕಿಂಡಲ್ ಬಂದ ಮೇಲೆ ಕಿರುಕಾದಂಬರಿಗೆ ಮತ್ತೆ ಜಾಗ ಸಿಕ್ಕಿತು. ಅಚ್ಚಿನಲ್ಲಿ ಇಷ್ಟು ತೆಳು ಪುಸ್ತಕವನ್ನು ಬಿಡಿಯಾಗಿ ಮಾರುವುದು ಕಷ್ಟವಿತ್ತು. ತೆರೆಯ ಮೇಲೆ ಬೆನ್ನಿನ ದಪ್ಪ ಯಾರು ನೋಡುತ್ತಾರೆ? ವೈಜ್ಞಾನಿಕ ಕಥೆ, ಫ್ಯಾಂಟಸಿಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿಯ ನಿಯಮದ ಪ್ರಕಾರ 17,500 ಪದದಿಂದ 40,000ದ ಒಳಗಿನದು ಕಿರುಕಾದಂಬರಿ. ಅಷ್ಟರಲ್ಲಿ ಪ್ರೀತಿಯೂ ಹುಟ್ಟಬೇಕು, ಭಯವೂ ಬೆಳೆಯಬೇಕು. ಹಾಗಾಗಿ ಒಂದೊಂದು ವಿವರವೂ ಎರಡು ಕೆಲಸ ಮಾಡಬೇಕು.

ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ನಾಯಕಿಗೆ ಬಲಗಿವಿ ಕೇಳಿಸುವುದಿಲ್ಲ. ಯಾರಿಗೂ ಹೇಳಿಲ್ಲ. ಪರಿಚಯವಾದ ಎರಡನೇ ದಿನ ಅವನು ನಡೆಯುತ್ತಾ ನಡೆಯುತ್ತಾ ತಾನಾಗಿಯೇ ಅವಳ ಎಡಕ್ಕೆ ಬರುತ್ತಾನೆ. ಅವಳ ಮನಸ್ಸು ಕರಗುತ್ತದೆ, ಎಷ್ಟು ಗಮನಿಸುತ್ತಾನೆ ಅಂತ. ರಾತ್ರಿ ಹಾಸಿಗೆಯಲ್ಲಿ ಹೊರಳುವಾಗ ಅದೇ ನೆನಪು ಚುಚ್ಚುತ್ತದೆ: ಇವನಿಗೆ ಗೊತ್ತಾಗಿದ್ದು ಹೇಗೆ? ಒಂದು ಹೆಜ್ಜೆ ಬದಲಿಸಿದ್ದಷ್ಟೇ, ಪ್ರೀತಿಯೂ ಅನುಮಾನವೂ ಒಟ್ಟಿಗೆ ಒಂದು ಮೆಟ್ಟಿಲು ಹತ್ತಿದವು.

ಸಮಯದ ತೊಡಕು ಬೇರೆ. ಮೂರು ದಿನದ ಕಥೆಯಲ್ಲಿ ಅಪರಿಚಿತರು ಪ್ರಾಣ ಕೊಡುವಷ್ಟು ಪ್ರೀತಿಸಿದರೆ ನಂಬುವುದು ಕಷ್ಟ ಅಲ್ವಾ? ಅದಕ್ಕೇ ಬಲ್ಲ ಲೇಖಕರು ಹಿಂದೆ ಬೇರೆಯಾಗಿದ್ದ ಜೋಡಿಯನ್ನೇ ಮತ್ತೆ ಎದುರುಬದುರು ನಿಲ್ಲಿಸುತ್ತಾರೆ. ಹಳೆಯ ಸಲುಗೆಯೂ ಹಳೆಯ ಗಾಯವೂ ಮೊದಲ ಪುಟದಿಂದಲೇ ಕೆಲಸಕ್ಕೆ ಸಿಗುತ್ತವೆ.

ಇನ್ನು ಖಳ. ನಾಲ್ಕೈದು ಪಾತ್ರಗಳಿರುವ ಕಥೆಯಲ್ಲಿ ಅವನನ್ನು ಬಚ್ಚಿಡುವುದು ಹೆಚ್ಚುಕಡಿಮೆ ಆಗದ ಮಾತು. ಓದುಗರು ಅರ್ಧದಲ್ಲೇ ಹಿಡಿದುಬಿಡುತ್ತಾರೆ. ಮೇಜಿನ ಕೆಳಗೆ ಬಾಂಬ್ ಇರುವುದು ನೋಡುಗನಿಗೆ ಮೊದಲೇ ಗೊತ್ತಿದ್ದರೆ ಸಾಧಾರಣ ಮಾತುಕತೆಯೂ ತುದಿಗಾಲಲ್ಲಿ ನಿಲ್ಲಿಸುತ್ತದೆ ಅಂತ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ವಿವರಿಸುತ್ತಿದ್ದರು. ಕಿರುಕಾದಂಬರಿಗೆ ಹೊಂದುವ ದಾರಿ ಅದೇ. ಖಳ ಯಾರೆಂದು ನಮಗೆ ಮೊದಲೇ ತಿಳಿದಿರಲಿ. ನಾಯಕಿಗೆ ತಿಳಿಯುವ ಹೊತ್ತಿಗೆ ಅವಳು ಯಾರ ಪಕ್ಕದಲ್ಲಿರುತ್ತಾಳೆ ಅನ್ನುವುದು ಮಾತ್ರ ಕೊನೆಯ ಅಧ್ಯಾಯದವರೆಗೂ ಗೊತ್ತಾಗಬಾರದು.