ಗೆಟಿಸ್‌ಬರ್ಗ್ ಕದನ ಮತ್ತು ಅದರಡಿಯ ಕರಿಗಲ್ಲು

ಅಮೆರಿಕದ ಅಂತರ್ಯುದ್ಧದ ವೇಳೆ, 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಎಂಬ ಊರಿನ ಸುತ್ತ ನಡೆದ ಕದನದಲ್ಲಿ ಎರಡೂ ಕಡೆ ಸೇರಿ ಸುಮಾರು 51,000 ಸೈನಿಕರು ಸತ್ತರು, ಗಾಯಗೊಂಡರು, ಸೆರೆಸಿಕ್ಕರು ಇಲ್ಲವೇ ಕಾಣೆಯಾದರು. ಆಗ ಆ ಊರಿನಲ್ಲಿದ್ದವರೇ ಸುಮಾರು 2,400 ಮಂದಿ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ದಂಡನಾಯಕ ರಾಬರ್ಟ್ ಲೀ ಉತ್ತರದ ನೆಲಕ್ಕೇ ನುಗ್ಗಿ, ಇಲ್ಲಿ ಸೋತು ಹಿಂದಿರುಗಿದ. ಸೋಲಿನ ಕಾರಣಗಳನ್ನು ಇತಿಹಾಸಕಾರರು ದಂಡನಾಯಕರ ತೀರ್ಮಾನಗಳಲ್ಲಿ ಹುಡುಕುತ್ತಾರೆ, ಅದು ಸರಿಯೇ. ಆದರೆ ಆ ತೀರ್ಮಾನಗಳಿಗೆ ಸಿಕ್ಕಿದ ನೆಲ ಎಂಥದು, ಅದು ಹಾಗೆ ಇದ್ದದ್ದೇಕೆ ಎಂದು ಕೇಳಿದರೆ ಉತ್ತರ ಭೂವಿಜ್ಞಾನದಲ್ಲಿದೆ.

ಇಂದಿನ ಖಂಡಗಳೆಲ್ಲ ಒಂದಾಗಿ ಸೇರಿದ್ದ ಪ್ಯಾಂಜಿಯಾ ಮಹಾಖಂಡ ಒಡೆಯತೊಡಗಿದಾಗ ಇಲ್ಲಿ ನೆಲ ಸೀಳಿ ಕುಸಿದು, ಉದ್ದನೆಯ ತಗ್ಗು ಉಂಟಾಯಿತು. ನದಿಗಳು ಹೊತ್ತು ತಂದ ಮರಳು, ಕೆಸರುಗಳು ಅದರಲ್ಲಿ ಪದರಪದರವಾಗಿ ತುಂಬಿ ಕೆಂಪು ಮರಳುಗಲ್ಲು, ಜೇಡುಗಲ್ಲುಗಳಾದವು. ರಣಭೂಮಿಯ ದಕ್ಷಿಣ ಭಾಗದಲ್ಲಿ ಪ್ಲಮ್ ರನ್ ತೊರೆಗೆ ಕಟ್ಟಿರುವ ಸಣ್ಣ ಸೇತುವೆಯ ಕಲ್ಲುಗಳಲ್ಲಿ ಡೈನೋಸಾರ್ ಹೆಜ್ಜೆಗುರುತುಗಳನ್ನು ಇಂದಿಗೂ ಕಾಣಬಹುದು. ಅವು ಇದೇ ಪ್ರದೇಶದ ಗಣಿಯೊಂದರಿಂದ ತಂದ ಕಲ್ಲುಗಳು. ಸುಮಾರು 20 ಕೋಟಿ ವರ್ಷಗಳ ಹಿಂದೆ ಈ ಪದರಗಳ ನಡುವೆ ಕುದಿಯುವ ಶಿಲಾಪಾಕ ನುಗ್ಗಿ, ನೆಲದೊಳಗೇ ತಣಿದು, ಡಯಬೇಸ್ ಎಂಬ ಗಟ್ಟಿ ಕರಿಗಲ್ಲಿನ ದಪ್ಪ ಹಾಸಾಯಿತು. ಡಾಲರೈಟ್ ಎಂಬುದು ಇದರದೇ ಇನ್ನೊಂದು ಹೆಸರು. ವ್ಯಾಪಾರದಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಎನಿಸಿಕೊಂಡು ನಮ್ಮ ಚಾಮರಾಜನಗರದ ಗಣಿಗಳಿಂದ ಬರುವ ಕಲ್ಲೂ ಈ ಜಾತಿಯದೇ, ವಯಸ್ಸಿನಲ್ಲಿ ಮಾತ್ರ ಬಹಳ ಹಿರಿದು.

ಮುಂದೆ ಪದರಗಳೆಲ್ಲ ವಾಲಿದವು. ಮೆದುವಾದ ಕೆಂಪು ಕಲ್ಲು ಸವೆದು ಬಯಲಾಯಿತು, ಸವೆಯದ ಕರಿಗಲ್ಲು ದಿಬ್ಬಗಳಾಗಿ ಎದ್ದು ನಿಂತಿತು. ಕಲ್ಪ್ಸ್ ಹಿಲ್, ಸಿಮೆಟರಿ ಹಿಲ್, ಸಿಮೆಟರಿ ರಿಡ್ಜ್, ಲಿಟಲ್ ರೌಂಡ್ ಟಾಪ್ ಎಲ್ಲವೂ ಈ ಒಂದೇ ಹಾಸಿನ ತುಣುಕುಗಳು. ಮೊದಲ ದಿನ ಪೆಟ್ಟು ತಿಂದು ಊರಿನ ಬೀದಿಗಳ ಮೂಲಕ ಹಿಮ್ಮೆಟ್ಟಿದ ಒಕ್ಕೂಟ (ಉತ್ತರದ) ಸೇನೆ ಬಂದು ನೆಲೆನಿಂತದ್ದು ಈ ದಿಬ್ಬಗಳ ಮೇಲೆ. ಅವುಗಳ ಸಾಲು ಗಾಳದ ಕೊಕ್ಕೆಯಂತೆ ಬಾಗಿದ್ದರಿಂದ ಒಳಗಿದ್ದ ಒಕ್ಕೂಟದ ದಂಡನಾಯಕ ಜಾರ್ಜ್ ಮೀಡ್ ಒಂದು ತುದಿಯ ಪಡೆಯನ್ನು ಇನ್ನೊಂದು ತುದಿಗೆ ಬೇಗನೆ ಕಳುಹಿಸಬಲ್ಲವನಾಗಿದ್ದ. ಹೊರಗಿನಿಂದ ಸುತ್ತುವರಿದಿದ್ದ ಲೀಯ ಪಡೆಗಳಿಗೆ ಅದೇ ಕೆಲಸಕ್ಕೆ ಬಹಳ ದೂರ ಸುತ್ತಿ ಬರಬೇಕಾಗಿತ್ತು.

ಹಾಗೆಂದು ಕಲ್ಲು ರಕ್ಷಕರಿಗಷ್ಟೇ ಒಲಿದಿತ್ತು ಎನ್ನುವಂತಿಲ್ಲ. ಡಯಬೇಸ್ ಮೇಲಿನ ಮಣ್ಣಿನ ಹೊದಿಕೆ ಬಹಳ ತೆಳು. ಲಿಟಲ್ ರೌಂಡ್ ಟಾಪ್‌ನಲ್ಲಿ ಗುದ್ದಲಿ ಇಳಿಯದೆ, ಕಂದಕ ತೋಡಲಾಗದೆ ಸೈನಿಕರು ಬಿಡಿಗಲ್ಲುಗಳನ್ನು ಒಟ್ಟಿ ಮೋಟುಗೋಡೆ ಕಟ್ಟಿಕೊಂಡರು. ಗುಂಡು ಕಲ್ಲಿಗೆ ಬಡಿದಾಗ ಚಕ್ಕೆಗಳೂ ಸಿಡಿಯುತ್ತಿದ್ದವು. ಎದುರಿನ ಡೆವಿಲ್ಸ್ ಡೆನ್‌ನಲ್ಲಿ ಸೀಳುಗಳ ಗುಂಟ ಇಳಿದ ನೀರು ಬಹುಕಾಲ ಕಲ್ಲಿನ ಮೂಲೆಗಳನ್ನು ತಿಂದು ಆನೆಗಾತ್ರದ ದುಂಡು ಬಂಡೆಗಳನ್ನು ಉಳಿಸಿದೆ. ಜುಲೈ 2ರಂದು ಅವುಗಳನ್ನು ವಶಪಡಿಸಿಕೊಂಡ ದಕ್ಷಿಣದ ಬಂದೂಕುಧಾರಿಗಳು ಸಂದುಗಳಲ್ಲಿ ಅಡಗಿ ದಿಬ್ಬದ ಮೇಲಿನವರತ್ತ ಗುರಿಯಿಟ್ಟರು. ಅಲ್ಲಿ ಕದನದ ಬಳಿಕ ತೆಗೆದ ಛಾಯಾಚಿತ್ರಗಳ ಜಾಗವನ್ನು ಒಂದು ಶತಮಾನ ಕಳೆದ ಮೇಲೂ ಬಂಡೆಗಳ ಬಿರುಕು ನೋಡಿಯೇ ಗುರುತಿಸಲಾಯಿತು. ಕಲ್ಲು ಅಷ್ಟು ನಿಧಾನವಾಗಿ ಸವೆಯುತ್ತದೆ.

ಕದನವನ್ನು ಗೆದ್ದುಕೊಟ್ಟದ್ದು ಕಲ್ಲೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜುಲೈ 2ರ ಮಧ್ಯಾಹ್ನ ಲಿಟಲ್ ರೌಂಡ್ ಟಾಪ್ ಹೆಚ್ಚುಕಡಿಮೆ ಖಾಲಿಯಾಗಿತ್ತು. ಮೀಡ್‌ನ ಮುಖ್ಯ ಎಂಜಿನಿಯರ್ ಗವರ್ನರ್ ವಾರನ್ (ಗವರ್ನರ್ ಎಂಬುದು ಅವನ ಹೆಸರೇ, ಹುದ್ದೆಯಲ್ಲ) ಮೇಲೇರಿ ಅಪಾಯವನ್ನು ಅರಿತು, ಪಡೆ ಕಳುಹಿಸಲು ಅವಸರಿಸದೆ ಹೋಗಿದ್ದರೆ ಅದೇ ಕಲ್ಲು ಎದುರಾಳಿಯ ಫಿರಂಗಿಗಳಿಗೆ ಪೀಠವಾಗಬಹುದಿತ್ತು.

ಮೂರನೆಯ ದಿನ ಬಯಲಿನ ಸರದಿ. ಪಶ್ಚಿಮದ ಸೆಮಿನರಿ ರಿಡ್ಜ್‌ಗೂ ಸಿಮೆಟರಿ ರಿಡ್ಜ್‌ಗೂ ನಡುವೆ, ಮೆದುಗಲ್ಲು ಸವೆದು ಉಂಟಾದ ಹೊಲಗಳು ಒಂದು ಕಿಲೋಮೀಟರಿಗೂ ಹೆಚ್ಚು ಅಗಲಕ್ಕೆ ಹರಡಿವೆ. ಭಾರೀ ಫಿರಂಗಿ ದಾಳಿಯ ನಂತರ ಸುಮಾರು 12,500 ಮಂದಿ ದಕ್ಷಿಣದ ಸೈನಿಕರು ಈ ಬಯಲನ್ನು ನಡೆದು ದಾಟಲು ಹೊರಟರು. ದಾರಿಯಲ್ಲಿ ಹತ್ತಿ ಇಳಿಯಬೇಕಾದ ಗಟ್ಟಿ ಮರದ ಬೇಲಿಗಳಿದ್ದವು. ಎದುರಿನ ಕಲ್ಲುಗೋಡೆಯ ಹಿಂದೆ ಒಕ್ಕೂಟದ ಬಂದೂಕುಗಳಿದ್ದವು. ಹೊರಟವರಲ್ಲಿ ಅರ್ಧದಷ್ಟು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು.

ಜುಲೈ 4ರಂದು ಲೀ ಮಳೆಯಲ್ಲಿ ಹಿಮ್ಮೆಟ್ಟತೊಡಗಿದ. ಅದೇ ದಿನ ಮಿಸಿಸಿಪ್ಪಿ ನದಿಯ ದಡದ ವಿಕ್ಸ್‌ಬರ್ಗ್ ಕೂಡ ಒಕ್ಕೂಟಕ್ಕೆ ಶರಣಾಯಿತು. ಮುಂದೆಂದೂ ಲೀ ಉತ್ತರದ ಮೇಲೆ ಇಷ್ಟು ದೊಡ್ಡ ದಂಡಯಾತ್ರೆ ಮಾಡಲಾಗಲಿಲ್ಲ. ಯೂರೋಪಿನ ರಾಷ್ಟ್ರಗಳು ತಮ್ಮನ್ನು ಮಾನ್ಯಮಾಡಿಯಾವು ಎಂಬ ದಕ್ಷಿಣದವರ ಆಸೆಯೂ ಕುಗ್ಗಿತು. ಆದರೂ ಯುದ್ಧ 1865ರವರೆಗೆ ನಡೆಯಿತು. ಗೆಟಿಸ್‌ಬರ್ಗ್‌ನಲ್ಲಿ ಅವಸರದಲ್ಲಿ ಅಲ್ಲಲ್ಲೇ ಹೂತಿದ್ದ ಒಕ್ಕೂಟದ ಸೈನಿಕರ ಶವಗಳನ್ನು ಮತ್ತೆ ತೆಗೆದು ಸಿಮೆಟರಿ ಹಿಲ್‌ನ ಹೊಸ ರುದ್ರಭೂಮಿಯಲ್ಲಿ ಮಣ್ಣು ಮಾಡಲಾಯಿತು. 1863ರ ನವೆಂಬರ್ 19ರಂದು ಅಬ್ರಹಾಂ ಲಿಂಕನ್ ಎರಡೇ ನಿಮಿಷ ಮಾತನಾಡಿದ್ದು ಆ ದಿಬ್ಬದ ಮೇಲೆಯೇ.