ಬಿಳಿ ಬಣ್ಣ ಹೊಡೆಸಿದರೆ ಬೇಗ ಹೊಲಸಾಗುತ್ತದೆಯೇ?

ಪ್ರಶ್ನೆ: ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸ್ತಿದ್ದೀವಿ. ನನಗೂ ನನ್ನ ಹೆಂಡತಿಗೂ ಒಳಗೆಲ್ಲ ಬಿಳಿ, ಇಲ್ಲಾಂದ್ರೆ ತಿಳಿ ಬಣ್ಣ ಇರಲಿ ಅಂತ ಆಸೆ. ಅಪ್ಪ, ಪೇಂಟರ್, ಪಕ್ಕದ ಮನೆಯವರು ಎಲ್ಲರದೂ ಒಂದೇ ಮಾತು: "ನಮ್ಮೂರ ಧೂಳಿಗೆ ಬಿಳೀದು ಆರು ತಿಂಗ್ಳೂ ತಡಿಯಂಗಿಲ್ಲ, ಡಾರ್ಕ್ ಹೊಡ್ಸ್ರಿ." ಏನು ಮಾಡೋದು ಸರ್?

ಬಿಳಿಯನ್ನೇ ಹೊಡೆಸಿ. ದುಗ್ಗಮ್ಮನ ಜಾತ್ರೆಗೆ ಮುಂಚೆ ಒಂದು ಸುತ್ತು, ದೀಪಾವಳಿಗೆ ಮುಂಚೆ ಇನ್ನೊಂದು ಸುತ್ತು ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲ ಇದೇ ಉತ್ತರ ಕೊಡುತ್ತೇನೆ. ಆದರೂ ಚಾಕಲೇಟ್ ಬಣ್ಣ ಹೊಡೆಸಿಕೊಂಡು ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿ ಕೂರುವ ಮನೆಗಳು ಕಡಿಮೆಯಾಗಿಲ್ಲ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಅಪ್ಪನವರಿಗೂ ಓದಿ ಹೇಳಿ.

ಮೊದಲು ನಮ್ಮೂರ ಧೂಳಿನ ಬಣ್ಣ ಯಾವುದು ಅಂತ ನೋಡಿ. ಒಂದು ವಾರ ಒರೆಸದ ಟಿವಿ ಸ್ಟ್ಯಾಂಡಿನ ಮೇಲೆ ಬೆರಳೆಳೆಯಿರಿ. ಬೆರಳಿಗೆ ಹತ್ತುವುದು ತಿಳಿ ಬೂದಿ ಬಣ್ಣ, ಇಲ್ಲವೇ ಮಸುಕು ಕಂದು. ಈ ಧೂಳು ಬಿಳಿ ಗೋಡೆಯ ಮೇಲೆ ಕೂತರೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಗಾಢ ನೀಲಿಯ ಮೇಲೋ ಕಾಫಿ ಬಣ್ಣದ ಮೇಲೋ ಕೂತರೆ ಬಾಗಿಲಲ್ಲಿ ನಿಂತವರಿಗೇ ಕಾಣುತ್ತದೆ. ಕರಿ ಬೈಕ್ ಇಟ್ಟುಕೊಂಡವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಹಾಗಾದರೆ ಗೋಡೆ ಹೊಲಸಾಗುವುದು ಯಾವುದರಿಂದ? ನಮ್ಮ ಕೈಯಿಂದ, ತಲೆಯಿಂದ. ಸ್ವಿಚ್‌ಬೋರ್ಡಿನ ಕೆಳಗೆ ಬೆರಳುಗಳು ಒರಗುವ ಜಾಗ, ಮಂಚದ ಹಿಂದೆ ಕೊಬ್ಬರಿ ಎಣ್ಣೆಯ ತಲೆ ತಾಗುವ ಜಾಗ, ಮಕ್ಕಳು ಗೋಡೆ ಸವರಿಕೊಂಡು ಓಡಾಡುವ ಎತ್ತರ. ಇದೆಲ್ಲ ಜಿಡ್ಡು. ಜಿಡ್ಡಿಗೆ ಬಣ್ಣದ ಭೇದವಿಲ್ಲ. ಹೊಳಪಿಲ್ಲದ ಗಾಢ ಗೋಡೆಯ ಮೇಲೆ ಅದು ಹೊಳೆಯುವ ಮಚ್ಚೆಯಾಗಿ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದಿರೋ, ಉಜ್ಜಿದಷ್ಟು ಅಗಲಕ್ಕೆ ಇನ್ನೊಂದು ಹೊಳಪು. ಕುರ್ಚಿಯ ಬೆನ್ನು ತಾಗಿದರೆ ಬಿಳಿ ಗೀರು. ಬೋರ್‌ವೆಲ್ ನೀರಿನಲ್ಲಿ ಕ್ಯೂರಿಂಗ್ ಮಾಡಿದ (ಗಾರೆ ಗಟ್ಟಿಯಾಗಲು ನೀರುಣಿಸಿದ) ಗೋಡೆ ಉಪ್ಪು ಕಾರಿದರೆ, ಆ ಉಪ್ಪೂ ಬಿಳಿಯೇ. ಗಾಢ ಬಣ್ಣ ಹೊಲಸನ್ನು ಮುಚ್ಚುತ್ತದೆ ಅನ್ನುವವರು ಆ ಗೋಡೆಯನ್ನು ಕಿಟಕಿಯ ಪಕ್ಕ ನಿಂತು, ಓರೆಯಿಂದ ಒಮ್ಮೆ ನೋಡಬೇಕು.

ಅಪ್ಪನವರ ಮಾತಿಗೂ ಒಂದು ಕಾರಣವಿದೆ. ಅವರು ಕಂಡ ಬಿಳಿ ಅಂದರೆ ನೀಲಿ ಕಲಸಿದ ಸುಣ್ಣ, ಆಮೇಲೆ ಡಿಸ್ಟೆಂಪರ್. ಸುಣ್ಣದ ಗೋಡೆಗೆ ಒರಗಿದರೆ ಅಂಗಿಯ ಬೆನ್ನೆಲ್ಲ ಬಿಳಿ. ಅಗ್ಗದ ಡಿಸ್ಟೆಂಪರಿನಲ್ಲಿ ಸೀಮೆಸುಣ್ಣದ ಪುಡಿಯೇ ಹೆಚ್ಚು, ಅಂಟು ಕಡಿಮೆ. ಒರೆಸಿದರೆ ಕಲೆಯ ಜತೆ ಬಣ್ಣವೂ ಬರುತ್ತದೆ. ಈಗಿನ ಅಕ್ರಿಲಿಕ್ ಎಮಲ್ಷನ್ ಅಂದರೆ ನೀರು ಬೆರೆಸುವ ಪೇಂಟ್. ಅದರಲ್ಲಿ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್, ಹಿಡಿದಿಡುವುದು ಅಕ್ರಿಲಿಕ್ ಅಂಟು. ಗೋಡೆ ತೊಳೆಯಲು ಬರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಅಂಟು. ಬಿಳಿಯೋ ಕಪ್ಪೋ ಎಂಬುದಲ್ಲ. ಆದ್ದರಿಂದ ಅಂಗಡಿಯಲ್ಲಿ "ಬಿಳಿ ಕೊಡಿ" ಅಂದು ಸುಮ್ಮನಾಗಬೇಡಿ. "ತೊಳೆಯಲು ಬರುವ ಎಮಲ್ಷನ್, ಸ್ವಲ್ಪ ಶೀನ್ (ಹೊಳಪು) ಇರುವುದು" ಅಂತ ಬಾಯಿಬಿಟ್ಟು ಕೇಳಿ. ಹಾಲ್‌ಗೆ, ಮಕ್ಕಳ ಕೋಣೆಗೆ ಇದನ್ನು ಹೊಡೆಸಿ. ಸೀಲಿಂಗಿಗೆ ಹೊಳಪಿಲ್ಲದ್ದು ಸಾಕು.

ಬಿಳಿ ಸೋಲುವ ಜಾಗವೂ ಇದೆ, ಅದು ಮಸಿ ಬೀಳುವ ಕಡೆ. ಮಂಡಕ್ಕಿ ಭಟ್ಟಿಗಳ ಹೊಗೆ ಬೀಸುವ ಬೀದಿಯಾದರೆ ಹೊರಗೋಡೆಗೆ ಅಚ್ಚ ಬಿಳಿ ಬೇಡ. ಊದಿನಕಡ್ಡಿ, ಕರ್ಪೂರದ ಹೊಗೆ ತಾಗುವ ದೇವರ ಗೂಡಿನ ಮೇಲ್ಭಾಗಕ್ಕೂ ಒಗ್ಗರಣೆಯ ಒಲೆ ಹಿಂದಕ್ಕೂ ಟೈಲ್ಸ್ ಹಾಕಿಸಿ. ಅಷ್ಟು ಬಿಟ್ಟರೆ ಉಳಿದ ಮನೆಯಲ್ಲಿ ಬಿಳಿಯ ಲಾಭವೇ ಲಾಭ. ಅಚ್ಚ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಕೋಣೆಗೆ ವಾಪಸು ಕೊಡುತ್ತದೆ. ಗಾಢ ಕಂದು ಕೊಡುವುದು ಶೇಕಡಾ 10ರ ಆಸುಪಾಸು. 30x40 ಸೈಟಿನಲ್ಲಿ ಅಕ್ಕಪಕ್ಕ ಮನೆ ಒತ್ತಿಕೊಂಡು, ಒಂದೇ ಕಿಟಕಿಯಿಂದ ಬೆಳಕು ಬರುವ ಕೋಣೆಗೆ ಇದು ಸಣ್ಣ ವಿಷಯವಲ್ಲ.

ಯಾವ ಬಿಳಿ ಅನ್ನುವುದನ್ನು ಶೇಡ್ ಕಾರ್ಡ್ ನೋಡಿ ತೀರ್ಮಾನಿಸಬೇಡಿ. ಎರಡು ಅಡಿ ಚೌಕ ಗೋಡೆಗೇ ಹೊಡೆಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಪಡುವಣ ಕಿಟಕಿಯ ಕೋಣೆಯಲ್ಲಿ ಸಂಜೆ ಬಿಸಿಲಿಗೆ ಕೆನೆ ಬಣ್ಣ ಅರಿಸಿನದಂತಾಗುತ್ತದೆ. ಅಲ್ಲಿ ಕೊಂಚ ಬೂದಿ ಬೆರೆತ ಬಿಳಿ ಚೆನ್ನ. ಬಡಗಣ ಕೋಣೆಗೆ ಕೆನೆ, ತಿಳಿ ಗಂಧದ ಬಣ್ಣ ಹಿತ. ರೆಡ್ ಆಕ್ಸೈಡ್ ನೆಲವಿದ್ದರೆ ಗೋಡೆಯ ಕೆಳಭಾಗಕ್ಕೆ ತುಸು ಗುಲಾಬಿ ಛಾಯೆ ಬರುತ್ತದೆ. ಅದು ಪೇಂಟರ್ ತಪ್ಪಲ್ಲ. ಹಾಗೇ ನೀಲಿ ಛಾಯೆಯ ಬಿಳಿ ಬೆಳಕು ಕೊಡುವ 6500 ಕೆಲ್ವಿನ್ ಬಲ್ಬ್ ಹಾಕಿ "ಬಿಳಿ ಗೋಡೆ ಆಸ್ಪತ್ರೆ ಥರ ಕಾಣ್ತತಿ" ಅನ್ನಬೇಡಿ, ತುಸು ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬ್ ಹಾಕಿ ನೋಡಿ. ಗಾರೆ ಪೂರ್ತಿ ಒಣಗುವ ತನಕ ಪ್ರೈಮರ್ ಮುಟ್ಟಿಸಬೇಡಿ. ಚಿತ್ರದುರ್ಗದ ಕೋಟೆ ಕೆಳಗಿನ ಹಳೇ ಮನೆಗಳವರೂ ಬಣ್ಣದ ವಿಷಯ ಕೇಳುತ್ತಿರುತ್ತಾರೆ, ಅವರಿಗೊಂದು ಮಾತು: ಸುಣ್ಣದ ಪದರ ಕೆರೆದು ತೆಗೆಯದೆ ಎಮಲ್ಷನ್ ಹೊಡೆದರೆ ಹಪ್ಪಳ ಹಪ್ಪಳವಾಗಿ ಏಳುತ್ತದೆ.

ನೀವು ಕೇಳಿಲ್ಲ, ಆದರೂ ಬಾಗಿಲುಗಳ ವಿಷಯ ಹೇಳಲೇಬೇಕು. ಬಿಳಿ ಆಯಿಲ್ ಪೇಂಟ್ ಹಳದಿ ತಿರುಗುವುದು ಧೂಳಿನಿಂದಲ್ಲ. ಅದರಲ್ಲಿರುವ ಎಣ್ಣೆಯ ಗುಣವೇ ಅದು. ಬೆಳಕು ಬೀಳದ ಕಡೆ, ಅಲಮಾರಿಯ ಒಳಗೆ, ಕ್ಯಾಲೆಂಡರ್ ಹಿಂದೆ ಇನ್ನೂ ಬೇಗ. "ಬಿಳಿ ಬಾಳಿಕೆ ಬರಲ್ಲ" ಎಂಬ ಮಾತಿಗೆ ಇದೂ ಎಷ್ಟೋ ಎಣ್ಣೆ ಹೊಯ್ದಿದೆ. ಬಾಗಿಲಿಗೆ ಬಿಳಿಯೇ ಬೇಕಾದರೆ ನೀರು ಬೆರೆಸುವ ಎನಾಮಲ್ ಕೇಳಿ ಪಡೆಯಿರಿ.

ಇನ್ನು ಹಳೇ ಮನೆಯ ತೇಗದ ಬಾಗಿಲನ್ನು ಹೊಸ ಮನೆಗೆ ಕೂರಿಸುವವರು ನಮ್ಮಲ್ಲಿ ಬಹಳ. ಆ ಬಾಗಿಲಿನ ಹಳದಿ, ಕೆಂಪು, ಹಸಿರು ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಹಾಗಾಗಿ ಅಂಥ ಬಾಗಿಲನ್ನು ಮನೆಯೊಳಗೆ ಒಣಗಿದ್ದಂತೆಯೇ ಉಜ್ಜಿಸಬೇಡಿ, ಬೆಂಕಿ ಹಿಡಿದು ಸುಡಿಸಬೇಡಿ. ಹೊರಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸಿ, ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ) ಉಜ್ಜಿಸಿ. ಪೇಂಟರ್ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಲಿ. ಬಿದ್ದ ಪುಡಿಯನ್ನು ಕಸಬರಿಗೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಆ ಕೆಲಸ ಮುಗಿಯುವ ತನಕ ಬಸುರಿಯರು, ಸಣ್ಣ ಮಕ್ಕಳು ಆ ಕಡೆ ಸುಳಿಯದಿರಲಿ.